ಮಂಡಕ್ಕಿ–ಮೆಣಸಿನಕಾಯಿ ಪಕ್ಕದಲ್ಲಿ ಗೋವಾ ಜಿನ್: ಗ್ರೇಟರ್ ದ್ಯಾನ್, ಹಪುಸಾ

ದಾವಣಗೆರೆ ಕಡೆ ಜಿನ್, ಅಂದರೆ ಜುನಿಪರ್ ಎಂಬ ಹಣ್ಣಿನ ಪರಿಮಳದ ಮದ್ಯ, ಕೇಳುವವರು ಕಮ್ಮಿ. ವಿಸ್ಕಿ, ರಮ್, ಬಿಯರ್ ಜೋಡಿಸಿ ಜಾಗ ಉಳಿದರೆ ಮೂಲೆಯಲ್ಲೊಂದು ಬಾಟಲಿ. ಹೀಗಿರುವಾಗ ನಾವೊ ಸ್ಪಿರಿಟ್ಸ್ ಕಂಪನಿ ಗೋವಾದಲ್ಲಿ ತಯಾರಿಸುವ ಈ ಎರಡು ಜಿನ್‌ಗಳಲ್ಲಿ ಯಾವುದು ಯಾತಕ್ಕೆ ಎಂದು ತಿಳಿದುಕೊಂಡೇ ದುಡ್ಡು ಬಿಚ್ಚುವುದು ಒಳ್ಳೆಯದು. ಗ್ರೇಟರ್ ದ್ಯಾನ್ 2017ರಲ್ಲಿ ಬಂತು, ಹಪುಸಾ ಮರುವರ್ಷ. ಎರಡನೆಯದು ಸಾಕಷ್ಟು ದುಬಾರಿ.

ಗ್ರೇಟರ್ ದ್ಯಾನ್ ಲಂಡನ್ ಡ್ರೈ ಬಗೆಯದು. ಅಂದರೆ ಪರಿಮಳವೆಲ್ಲ ಭಟ್ಟಿಯಲ್ಲೇ ಬರಬೇಕು, ಆಮೇಲೆ ಎಸೆನ್ಸ್ ಬೆರೆಸುವಂತಿಲ್ಲ. ರುಚಿಯಿಲ್ಲದ ಶುದ್ಧ ಸ್ಪಿರಿಟ್‌ನಲ್ಲಿ ಜುನಿಪರ್ ಹಣ್ಣು, ಕೊತ್ತಂಬರಿ ಬೀಜ, ಶುಂಠಿ, ಮಜ್ಜಿಗೆ ಹುಲ್ಲು, ಸೋಂಪು, ಕಿತ್ತಳೆ ಸಿಪ್ಪೆ ಮುಂತಾದವನ್ನು ಹಾಕಿ ತಾಮ್ರದ ಹಂಡೆಯಲ್ಲಿ ಮತ್ತೆ ಭಟ್ಟಿ ಇಳಿಸುತ್ತಾರೆ. ತಾಮ್ರ ಬರೀ ಚಂದಕ್ಕಲ್ಲ, ಗಂಧಕದ ವಾಸನೆಯನ್ನು ಅದು ಹಿಡಿದುಕೊಳ್ಳುತ್ತದೆ. ಮೊದಲು ಇಳಿಯುವುದು ಮೂಗಿಗೆ ಚುಚ್ಚುವ ಭಾಗ. ಅದನ್ನು ಬೇರೆ ತೆಗೆಯಬೇಕು. ಆಮೇಲೆ ಸಿಪ್ಪೆಯ ಪರಿಮಳ, ಜುನಿಪರ್, ಕೊತ್ತಂಬರಿ; ಬೇರುಗಳ ಘಾಟು ಕೊನೆಗೆ. ನಿಲ್ಲಿಸುವುದು ತಡವಾದರೆ ಬೆಂದ ಸೊಪ್ಪಿನ ವಾಸನೆ ಸೇರುತ್ತದೆ. ಅಗ್ಗದ ಜಿನ್ ಬಹಳಷ್ಟು ಸಲ ಕೆಡುವುದು ಈ ಎರಡು ತುದಿಗಳಲ್ಲೇ.

ಪರೀಕ್ಷಿಸುವುದು ಸುಲಭ. ಎರಡು ಚಮಚ ಜಿನ್‌ಗೆ ಅಷ್ಟೇ ನೀರು ಹಾಕಿ, ಐಸ್ ಇಲ್ಲದೆ ಮೂಸಿ ನೋಡಿ. ಉಗುರುಬಣ್ಣ ಅಳಿಸುವ ದ್ರವದ ವಾಸನೆ ಬಂದರೆ ಅದು ತಲೆಭಾಗ, ಅಂದರೆ ಮೊದಲು ಇಳಿದದ್ದು, ಸರಿಯಾಗಿ ಬೇರ್ಪಡದ ಗುರುತು. ಗ್ರೇಟರ್ ದ್ಯಾನ್‌ನಲ್ಲಿ ಆ ವಾಸನೆ ಇಲ್ಲ. ಜುನಿಪರ್ ಮುಂದೆ, ಹಿಂದೆಯೇ ಕೊತ್ತಂಬರಿ, ನುಂಗಿದ ಮೇಲೆ ಶುಂಠಿ. ನೀರು ಬಿದ್ದಾಗ ಯಾವುದಾದರೂ ಜಿನ್ ಕೊಂಚ ಮಂಜಾದರೆ ಕಲಬೆರಕೆ ಎನ್ನಬೇಡಿ. ಸ್ಪಿರಿಟ್‌ನಲ್ಲಿ ಕರಗಿದ್ದ ಸುಗಂಧದ ಎಣ್ಣೆ ನೀರಿನಲ್ಲಿ ಕರಗದೆ ಹೊರಬರುವುದರಿಂದ ಹಾಗಾಗುತ್ತದೆ.

ಕೆಡಿಸುವುದು ಹೆಚ್ಚಾಗಿ ನಾವೇ, ಅದೂ ಐಸ್‌ನಿಂದ. ನಮ್ಮ ಬೋರ್‌ವೆಲ್ ನೀರು ಗಡಸು. ಆ ಐಸ್ ಕರಗಿದಾಗ ಬಿಳಿ ಪುಡಿ ತೇಲುತ್ತದೆ, ಬಾಯಿಗೆ ಸುಣ್ಣದಂಥ ರುಚಿ. ಆರ್‌ಒ ನೀರಿನ ದೊಡ್ಡ ಗಡ್ಡೆಗಳನ್ನು ಲೋಟದ ತುಂಬ ಹಾಕಿ. ಎರಡೇ ತುಂಡು ಹಾಕಿದರೆ ಬೇಗ ಕರಗಿ ನೀರು ನೀರಾಗುತ್ತದೆ. 60 ಮಿ.ಲೀ. ಜಿನ್‌ಗೆ 150 ಮಿ.ಲೀ. ಟಾನಿಕ್ (ಔಷಧಿಯಲ್ಲ, ಕಹಿ–ಸಿಹಿ ರುಚಿಯ ಗ್ಯಾಸ್ ನೀರು), ಟಾನಿಕ್ ತಣ್ಣಗಿರಬೇಕು. ಇಲ್ಲಿ ಸಿಗುವ ಟಾನಿಕ್ ಹೆಚ್ಚಾಗಿ ಸಿಹಿ. ಅರ್ಧ ಟಾನಿಕ್, ಅರ್ಧ ಸೋಡಾ ಮಾಡಿದರೆ ಕೊತ್ತಂಬರಿ ಮತ್ತೆ ಕಾಣುತ್ತದೆ. ನಿಂಬೆ ಹಿಂಡಬೇಡಿ. ಹುಳಿ ಉಳಿದೆಲ್ಲವನ್ನೂ ನುಂಗುತ್ತದೆ. ಸಿಪ್ಪೆಯ ಒಂದು ಎಳೆ ಹಿಚುಕಿ ಹಾಕಿದರೆ ಸಾಕು.

ಇನ್ನು ಮಂಡಕ್ಕಿ–ಮೆಣಸಿನಕಾಯಿ. ಖಾರದ ಬಜ್ಜಿಯ ಮೇಲೆ ಗಟ್ಟಿ ಪೆಗ್ ಹೊಡೆದರೆ ತಂಪಾಗುವುದಿಲ್ಲ, ಉರಿ ಏರುತ್ತದೆ. ಮದ್ಯವೂ ಗ್ಯಾಸೂ ನಾಲಿಗೆಗೆ ತಾವೇ ಚುರುಕು ಮುಟ್ಟಿಸುತ್ತವೆ. ಅದಕ್ಕೆ 45 ಮಿ.ಲೀ. ಜಿನ್, 180 ಮಿ.ಲೀ. ಟಾನಿಕ್, ಇಲ್ಲಿ ಮಾತ್ರ ಸೋಡಾ ಬೇಡ, ಆ ಸಿಹಿಯೇ ಖಾರವನ್ನು ತಡೆಯುವುದು. ಬಾಟಲಿಯ ಶೇ 42.8ರ ಬಲ ಲೋಟದಲ್ಲಿ ಶೇ 9ರ ಒಳಗೆ ಇಳಿಯುತ್ತದೆ. ಪುಟಾಣಿ ಪುಡಿ ಹಾಕಿದ ಒಗ್ಗರಣೆ ಮಂಡಕ್ಕಿಗೆ ಈ ಜಿನ್‌ನ ಕೊತ್ತಂಬರಿ, ಶುಂಠಿ ಚೆನ್ನಾಗಿ ಒಗ್ಗುತ್ತವೆ. ವಿಸ್ಕಿಗೆ ಈ ಗುಣವಿಲ್ಲ. (ಬೆಣ್ಣೆ ದೋಸೆಗೆ ಹೇಗೆ ಎಂದು ಕೇಳಬೇಡಿ. ಅದನ್ನು ಚಟ್ನಿ, ಪಲ್ಯದ ಜೊತೆಗೇ ಬಿಡೋಣ.)

ಹಪುಸಾ ಬೇರೆಯೇ ಜಾತಿ. ಹಿಮಾಲಯದ ಜುನಿಪರ್, ಗಂಧರಾಜ ನಿಂಬೆ, ಮಾವು, ಏಲಕ್ಕಿ, ಅರಿಶಿನ. ಅರಿಶಿನ ಇದ್ದೂ ಜಿನ್ ನೀರಿನಷ್ಟು ತಿಳಿ, ಏಕೆಂದರೆ ಆವಿಯ ಜೊತೆ ಏರುವುದು ಪರಿಮಳ, ಬಣ್ಣವಲ್ಲ. ಮೂಗಿಗೆ ಮರದ ರಾಳ, ಒದ್ದೆ ಮಣ್ಣು. ಟಾನಿಕ್ ಸುರಿದರೆ ಇದೆಲ್ಲ ಮುಚ್ಚಿಹೋಗುತ್ತದೆ, ಕೊಟ್ಟ ದುಡ್ಡೂ ಅದರೊಂದಿಗೆ. 45 ಮಿ.ಲೀ. ಜಿನ್, ಒಂದೇ ದೊಡ್ಡ ಐಸ್ ಗಡ್ಡೆ, ಐದು ನಿಮಿಷ ಬಿಟ್ಟು ನಿಧಾನಕ್ಕೆ ಕುಡಿಯಿರಿ. ಜೊತೆಗೆ ಉಪ್ಪು ಹಾಕಿ ಬೇಯಿಸಿದ ಶೇಂಗಾ ಸಾಕು, ಖಾರ ಬೇಡ. ಮೊದಲ ಸಲ ಜಿನ್ ಕುಡಿಯುವವರಿಗೆ ಇದನ್ನು ಕೊಡಬೇಡಿ, ಕಷಾಯ ಎಂದುಬಿಡುತ್ತಾರೆ.

ಬಾಟಲಿಯನ್ನು ಬಿಸಿಲು ತಾಗದ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿಡಿ. ಅಡ್ಡ ಮಲಗಿಸಿದರೆ ಸ್ಪಿರಿಟ್ ಮುಚ್ಚಳದ ಕಾರ್ಕನ್ನು ತಿನ್ನುತ್ತದೆ. ಕಾಲು ಭಾಗಕ್ಕೆ ಇಳಿದ ಮೇಲೆ ಒಳಗಿನ ಗಾಳಿಗೆ ಸಿಪ್ಪೆಯ ಪರಿಮಳ ಮೊದಲು ಮಾಸುತ್ತದೆ, ತಿಂಗಳುಗಟ್ಟಲೆ ಇಡಬೇಡಿ.