ಎರೆ ಮಣ್ಣಿನ ಅಂಗಳಕ್ಕೆ ಯಾವುದು: ಬೀಜದ ನಿಂಬೆ, ಗೂಟಿ ನಿಂಬೆ, ಕಸಿ ಮೊಸಂಬಿ?

ಕಲಬುರಗಿಯ ಹೊಸ ಮನೆ ಅಂಗಳದಲ್ಲಿ ಮೂರನ್ನೂ ಬೆಳೆಸಿ ನೋಡಿದ್ದೇನೆ. ಅದೇ ಬಿಸಿಲು, ಅದೇ ಬೋರ್ ನೀರು. ಬೆಳೆದ ರೀತಿ ಮಾತ್ರ ಬೇರೆ ಬೇರೆ.

ಮೊದಲು ಮಣ್ಣು. ನಮ್ಮ ಎರೆ ಮಣ್ಣು, ಅಂದರೆ ಕಪ್ಪು ಮಣ್ಣು, ಮಳೆಗಾಲದಲ್ಲಿ ನೀರು ಬಿಡುವುದಿಲ್ಲ, ಬೇಸಿಗೆಯಲ್ಲಿ ಬಿರಿಯುತ್ತದೆ. ಸುಣ್ಣವೂ ಜಾಸ್ತಿ. ಹೊಸ ಮನೆ ಅಂದರೆ ಸಿಮೆಂಟ್ ಗಟ್ಟಿ, ಶಹಾಬಾದ್ ಫರಸಿಯ ಚೂರು ಅಂಗಳದಲ್ಲೇ ಹೂತಿರುತ್ತವೆ. ಆ ಫರಸಿಯೂ ಸುಣ್ಣದ ಕಲ್ಲೇ ಅಲ್ವಾ? ಅದಕ್ಕೆ ಗುಂಡಿ ತೋಡುವಾಗಲೇ ಎಲ್ಲ ಆರಿಸಿ ತೆಗೆದೆವು. ಪಕ್ಕದ ಮನೆ ಅಣ್ಣ ಹೇಳಿದರು, "ನೀರ ನಿಂತರ ನಿಂಬಿ ಉಳಿಯಂಗಿಲ್ಲ ತಂಗಿ, ದಿಬ್ಬ ಮಾಡಿ ಹಚ್ಚು." ಮೂರಕ್ಕೂ ದಿಬ್ಬ ಮಾಡಿದೆವು.

ಬೇಗ ಕಾಯಿ ಕೊಟ್ಟಿದ್ದು ಗೂಟಿ ನಿಂಬೆ. ಕಾಯಿ ಬಿಡುವ ಮರದ ಕೊಂಬೆಗೇ ಬೇರು ಬರಿಸಿ ಕತ್ತರಿಸಿದ್ದು ಅದು, ಹಾಗಾಗಿ ಎರಡು-ಮೂರು ವರ್ಷ ಸಾಕು. ಆದರೆ ತಾಯಿಬೇರು ಇಲ್ಲ. ಮುಂಗಾರಿಗೆ ಮುಂಚಿನ ಗಾಳಿಗೆ ವಾಲುತ್ತದೆ, ಕೋಲು ಕಟ್ಟಲೇಬೇಕು. ಬೇಸಿಗೆಯಲ್ಲಿ ಒಂದು ನೀರು ತಪ್ಪಿದರೂ ಎಲೆ ಮುದುಡುತ್ತದೆ.

ಬೀಜದ ಕಾಗ್ಜಿ ನಿಂಬೆ ನಿಧಾನ. ನಾಲ್ಕೈದು ವರ್ಷ ಕಾಯಬೇಕು, ಮುಳ್ಳೂ ವಿಪರೀತ. ಬೀಜದ್ದಾದರೆ ಜಾತಿ ಕೆಡುತ್ತದೆ ಅಂತ ಹೆದರುತ್ತಾರೆ. ಈ ನಿಂಬೆಗೆ ಆ ಭಯ ಕಡಿಮೆ. ಒಂದೇ ಬೀಜದಿಂದ ಎರಡು-ಮೂರು ಮೊಳಕೆ ಬರುವುದುಂಟು, ಅವುಗಳಲ್ಲಿ ಹೆಚ್ಚಿನವು ತಾಯಿಯಂತೆಯೇ ಇರುತ್ತವೆ. ಬೇರು ಆಳಕ್ಕೆ ಇಳಿದ ಮೇಲೆ ಮೇ ತಿಂಗಳ ಬಿಸಿಲನ್ನೂ ತಡೆದುಕೊಂಡಿತು. ನನಗೆ ಇದರ ಮೇಲೇ ಪ್ರೀತಿ.

ಹೆಚ್ಚು ಆರೈಕೆ ಕೇಳಿದ್ದು ಮೊಸಂಬಿ. ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಸುಣ್ಣದಿಂದಾಗಿ ಬೇರಿಗೆ ಸಿಗುವುದಿಲ್ಲ. ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕಲಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿದರೆ ಹಸಿರಾಗುತ್ತದೆ, ಮುಂದಿನ ಚಿಗುರು ಮತ್ತೆ ಹಳದಿ. ಕೊಳ್ಳುವಾಗ ಬೇರುಗಿಡ, ಅಂದರೆ ಕಸಿಗೆ ಬುಡವಾಗಿ ಬಳಸಿದ ಗಿಡ, ಯಾವುದು ಅಂತ ಕೇಳಿ. ರಂಗಪುರ ನಿಂಬೆಯ ಮೇಲೆ ಕಸಿ ಮಾಡಿದ್ದು ಸುಣ್ಣದ ಮಣ್ಣಿಗೆ ಹೊಂದುತ್ತದೆ. ಜಂಬೇರಿ ಎಂಬ ಒರಟು ಸಿಪ್ಪೆಯ ನಿಂಬೆಯ ಮೇಲಿನದ್ದಾದರೆ ನೀರು ನಿಂತಲ್ಲಿ ಬುಡದಿಂದ ಅಂಟು ಸೋರುವ ರೋಗ ಬರುತ್ತದೆ. ಕಸಿ ಗಂಟು ಮಣ್ಣಿನಿಂದ ಮೇಲೇ ಇರಲಿ, ಅದರ ಕೆಳಗಿನ ಚಿಗುರು ಕಂಡ ಕೂಡಲೇ ಚಿವುಟಿ.

ಹಕ್ಕಿ ಹಿಕ್ಕೆಯಂತೆ ಕಾಣುವ ನಿಂಬೆ ಚಿಟ್ಟೆಯ ಮರಿಹುಳು ಮೂರಕ್ಕೂ ಬಂತು. ಕೈಯಿಂದ ಆರಿಸಿದರೆ ಸಾಕು. ಕಾಯಿ ಮೇಲೆ ಕಜ್ಜಿ ಏಳುವ ರೋಗ ಮಳೆಗಾಲದಲ್ಲಿ ನಿಂಬೆಗೇ ಜಾಸ್ತಿ.

ಒಂದೇ ಗಿಡಕ್ಕೆ ಜಾಗ ಇದ್ದರೆ ಬೀಜದ ನಿಂಬೆಯನ್ನೇ ಹಚ್ಚಿ, ಮಕ್ಕಳು ಓಡಾಡುವ ದಾರಿಯಿಂದ ದೂರದಲ್ಲಿ. ನೆಲವೇ ಇಲ್ಲ ಅಂದರೆ ತಳಕ್ಕೆ ತೂತು ಹೊಡೆದ ದೊಡ್ಡ ಡ್ರಮ್ಮಿನಲ್ಲಿ ಗೂಟಿ ನಿಂಬೆ. ಮೊಸಂಬಿ ಮಸಾರಿ, ಅಂದರೆ ಕೆಂಪು ಮಣ್ಣು ಇದ್ದವರಿಗೆ.