ಫ್ಯಾಮಿಲಿಸರ್ಚ್: ಪಕ್ಕದ ಮನೆಯ ಸೋಮವಾರಗಳಲ್ಲಿ ಕಂಡ ಒಂದು ಸೇವೆ

ಫ್ಯಾಮಿಲಿಸರ್ಚ್ ಎಂಬ ಉಚಿತ ಜಾಲತಾಣವನ್ನು ಹೆಚ್ಚಿನವರು ತೆರೆಯುವುದು, ತಮ್ಮ ಮುತ್ತಜ್ಜ ಯಾವ ಹಡಗಿನಲ್ಲಿ ಬಂದಿಳಿದ, ಅವನ ಮದುವೆ ಯಾವ ಊರಿನ ದಾಖಲೆಯಲ್ಲಿದೆ ಎಂದು ಹುಡುಕುವುದಕ್ಕೆ. ನಾನು ಅದರ ಬಳಕೆಯನ್ನು ಹತ್ತಿರದಿಂದ ಕಂಡದ್ದು ಬೇರೆಯೇ ಸಂದರ್ಭದಲ್ಲಿ. ಅಮೆರಿಕದ ಯೂಟಾ ರಾಜ್ಯದಲ್ಲಿ ನಮ್ಮ ಪಕ್ಕದ ಮನೆಯವರು ಮಾರ್ಮನ್ ಎಂಬ ಕ್ರೈಸ್ತ ಪಂಥದವರು. ಆ ಮನೆಯ ತಾಯಿಗೆ ಎ.ಎಲ್.ಎಸ್. ಕಾಯಿಲೆ ಬಂದು ಮಾತು ದಿನೇ ದಿನೇ ಕ್ಷೀಣಿಸುತ್ತಿದ್ದ ತಿಂಗಳುಗಳಲ್ಲಿ, ತಂದೆ ತಮ್ಮ ನಾಲ್ಕು ಮಕ್ಕಳನ್ನು ಆ ದುಃಖದ ಮೂಲಕ ನಡೆಸಿಕೊಂಡು ಹೋಗಲು ಈ ಸೇವೆಯನ್ನು ಒಂದು ಊರುಗೋಲಿನಂತೆ ಬಳಸಿದರು. ನಾನು ಅವರ ಧರ್ಮದವಳಲ್ಲ. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಿಕೊಡಲು ಹೋಗಿ, ಆ ಮನೆಯ ಸೋಮವಾರದ ಸಂಜೆಗಳಲ್ಲಿ ಒಬ್ಬಳಾದೆ. ಅವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು, ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ಸೇವೆಯ ಹಿನ್ನೆಲೆ. ಇದನ್ನು ನಡೆಸುವುದು ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ ಮಾರ್ಮನ್ ಚರ್ಚು. 1894ರಲ್ಲಿ ಆರಂಭವಾದ ಯೂಟಾ ವಂಶಾವಳಿ ಸಂಘವೇ ಇದರ ಮೂಲ. 1938ರಿಂದ ಆ ಸಂಘದವರು ಲೋಕದ ನಾನಾ ಕಡೆಯ ಜನನ, ವಿವಾಹ, ಮರಣದ ದಾಖಲೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸುತ್ತ ಬಂದರು. ಹಾಗೆ ಕೂಡಿದ ಸುಮಾರು 24 ಲಕ್ಷ ಸುರುಳಿಗಳನ್ನು ಲಿಟಲ್ ಕಾಟನ್‌ವುಡ್ ಕಣಿವೆಯಲ್ಲಿ ಬಂಡೆ ಕೊರೆದು ಮಾಡಿದ ಉಗ್ರಾಣದಲ್ಲಿ ಇರಿಸಿದ್ದಾರೆ, ಅವುಗಳನ್ನು ಡಿಜಿಟಲ್ ರೂಪಕ್ಕೆ ತರುವ ಕೆಲಸ 2021ರಲ್ಲಿ ಮುಗಿಯಿತು. ಜಾಲತಾಣ ಶುರುವಾದದ್ದು 1999ರಲ್ಲಿ. ಖಾತೆ ತೆರೆಯಲು ಹಣ ಕೊಡಬೇಕಿಲ್ಲ, ಚರ್ಚಿನ ಸದಸ್ಯರಾಗಿರಬೇಕಾಗಿಯೂ ಇಲ್ಲ. ಸತ್ತವರ ಹೆಸರಿಗಾಗಿ ಇಷ್ಟೊಂದು ಶ್ರಮವೇಕೆ ಎಂದರೆ, ಕುಟುಂಬದ ಬಂಧ ಸಾವಿನಲ್ಲಿ ಕಡಿಯುವುದಿಲ್ಲ ಎಂಬುದು ಅವರ ನಂಬಿಕೆಯ ನಡುಗಂಬ. ದೇವಾಲಯದಲ್ಲಿ ಸೀಲಿಂಗ್ ಎಂಬ ವಿಧಿಯಿಂದ ಆದ ಮದುವೆಯನ್ನು ಅವರು ಆಯುಸ್ಸಿನವರೆಗಿನದೆಂದು ಎಣಿಸುವುದಿಲ್ಲ, ಅನಂತ ಕಾಲಕ್ಕೆಂದು ಎಣಿಸುತ್ತಾರೆ.

ವಂಶವೃಕ್ಷದ ಭಾಗಕ್ಕಿಂತ ಆ ಮನೆಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಮೆಮೊರೀಸ್ ಎಂಬ ವಿಭಾಗ. ಇದರಲ್ಲಿ ಫೋಟೋ, ಕಾಗದಪತ್ರ, ಬರೆದ ಕಥೆ ಮತ್ತು ಧ್ವನಿಯನ್ನು ಸೇರಿಸಿ, ಅವು ಯಾರಿಗೆ ಸಂಬಂಧಿಸಿದವೋ ಅವರ ಪುಟಕ್ಕೆ ಜೋಡಿಸಬಹುದು. ಎ.ಎಲ್.ಎಸ್. ಎಂದರೆ ಸ್ನಾಯುಗಳನ್ನು ನಡೆಸುವ ನರಕೋಶಗಳೇ ಸಾಯುತ್ತ ಹೋಗುವ ಕಾಯಿಲೆ. ಬಹುಪಾಲು ರೋಗಿಗಳು ಲಕ್ಷಣ ಕಾಣಿಸಿದ ಎರಡರಿಂದ ಐದು ವರ್ಷದೊಳಗೆ ತೀರಿಕೊಳ್ಳುತ್ತಾರೆ. ಕೆಲವರಲ್ಲಿ ಕೈಕಾಲಿಗಿಂತ ಮೊದಲು ನಾಲಿಗೆ ಮತ್ತು ಗಂಟಲು ಸೋಲುತ್ತವೆ. ಈ ತಾಯಿಯದು ಅಂಥದೇ. ಹಾಗಾಗಿ ತಂದೆ ಮೊದಲ ವಾರದಲ್ಲೇ ತೀರ್ಮಾನಿಸಿದ್ದರು: ಫೋಟೋಗಳು ಕಾಯಬಲ್ಲವು, ದನಿ ಕಾಯಲಾರದು.

ಮಾರ್ಮನ್ ಮನೆಗಳಲ್ಲಿ ಸೋಮವಾರದ ಸಂಜೆ ಕುಟುಂಬಕ್ಕೆ ಮೀಸಲು. 1915ರಲ್ಲಿ ಚರ್ಚಿನ ಹಿರಿಯರು ಇಂಥ ಸಂಜೆಯೊಂದನ್ನು ಪ್ರೋತ್ಸಾಹಿಸಿದರು, 1970ರಲ್ಲಿ ಸೋಮವಾರವೆಂದು ಗೊತ್ತುಮಾಡಿದರು. ಪ್ರಾರ್ಥನೆ, ಒಂದು ಸಣ್ಣ ಪಾಠ, ಹಾಡು, ತಿಂಡಿ. ತಂದೆ ಆ ಚೌಕಟ್ಟನ್ನು ಕದಲಿಸದೆ ಪಾಠದ ಜಾಗದಲ್ಲಿ ತಾಯಿಯನ್ನು ಕೂರಿಸಿದರು. ಒಬ್ಬೊಬ್ಬ ಮಗು ಒಂದು ಪ್ರಶ್ನೆ ಕೇಳಬೇಕು, ತಾಯಿ ಉತ್ತರಿಸಬೇಕು, ತಂದೆಯ ಫೋನು ಮೇಜಿನ ಮೇಲೆ ಧ್ವನಿ ಮುದ್ರಿಸುತ್ತಿರಬೇಕು. ನಾವು ಬಳಸಿದಾಗ ಒಂದು ಕಡತ 15 ಎಂಬಿ ಮೀರುವಂತಿರಲಿಲ್ಲ, ಅಂದರೆ ಹೆಚ್ಚೆಂದರೆ ಕಾಲು ಗಂಟೆಯಷ್ಟು ಮಾತು. ಆ ಮಿತಿಯೇ ಅವರಿಗೆ ಒದಗಿಬಂತು, ಏಕೆಂದರೆ ಕಾಲು ಗಂಟೆಗಿಂತ ಹೆಚ್ಚು ಮಾತಾಡುವ ಉಸಿರು ಆಕೆಗಿರಲಿಲ್ಲ. ಪ್ರಶ್ನೆಗಳು ದೊಡ್ಡವೇನೂ ಆಗಿರಲಿಲ್ಲ. ನೀನು ಮೊದಲು ಸುಳ್ಳು ಹೇಳಿದ್ದು ಯಾವಾಗ, ಅಪ್ಪನ ಮೇಲೆ ತುಂಬಾ ಸಿಟ್ಟು ಬಂದದ್ದು ಯಾವಾಗ, ನನಗೆ ಈ ಹೆಸರೇ ಯಾಕೆ? ಕಿರಿಯಳಿಗೆ ಆಗ ಒಂಬತ್ತು ವರ್ಷ. ಅವಳ ಪ್ರಶ್ನೆಗಳೇ ಎಲ್ಲಕ್ಕಿಂತ ಒಳ್ಳೆಯವಾಗಿದ್ದವು.

ತಂದೆಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಏಕೆಂದರೆ ಸೇವೆ ಎಷ್ಟು ಚೆನ್ನಾಗಿದ್ದರೂ ಅದನ್ನು ಹಿಡಿದ ಕೈ ಮುಖ್ಯ. ಕಾಯಿಲೆ ಖಚಿತವಾದ ರಾತ್ರಿ ಅವರು ವಾರ್ಡಿನ, ಅಂದರೆ ತಮ್ಮ ಚರ್ಚಿನ ಸ್ಥಳೀಯ ಸಭೆಯ, ಇನ್ನೊಬ್ಬ ಹಿರಿಯರನ್ನು ಕರೆಸಿ, ಪವಿತ್ರಗೊಳಿಸಿದ ಆಲಿವ್ ಎಣ್ಣೆಯ ಒಂದು ಹನಿಯನ್ನು ಹೆಂಡತಿಯ ನೆತ್ತಿಗಿಟ್ಟು, ಇಬ್ಬರೂ ತಲೆಯ ಮೇಲೆ ಕೈಯಿರಿಸಿ ಆಶೀರ್ವಾದ ನುಡಿದರು. ತಿಂಗಳ ಮೊದಲ ಭಾನುವಾರದ ಉಪವಾಸವನ್ನು ಇಡೀ ವಾರ್ಡು ಆಕೆಯ ಹೆಸರಿನಲ್ಲಿ ಮಾಡಿತು. ಆದರೂ ಕಾಯಿಲೆ ನಿಲ್ಲಲಿಲ್ಲ. ಹದಿನಾರರ ಮಗಳು ಒಂದು ಸಂಜೆ, ಎಲ್ಲರೆದುರಿಗೆ, ಹಾಗಾದರೆ ಆ ಎಣ್ಣೆ ಯಾತಕ್ಕೆ ಎಂದು ಕೇಳಿದಳು. ಅವರು ಬಯ್ಯಲಿಲ್ಲ, ದೇವರ ಪರವಾಗಿ ವಾದಿಸಲೂ ಇಲ್ಲ. "ನನಗೂ ಗೊತ್ತಿಲ್ಲ, ಮಗಳೇ. ನಿನ್ನ ಅಮ್ಮ ನನ್ನವಳಾಗಿಯೇ ಇರುತ್ತಾಳೆ ಎಂಬುದೊಂದು ಗೊತ್ತು. ಮಿಕ್ಕದ್ದನ್ನು ನಾನೂ ನಿನ್ನ ಹಾಗೆಯೇ ಕೇಳುತ್ತಿದ್ದೇನೆ" ಎಂದರು. ಆಮೇಲೆ ಅವಳಿಗೆ ಒಂದು ಕೆಲಸ ಕೊಟ್ಟರು: ಮುದ್ರಿಸಿದ ಪ್ರತಿಯೊಂದು ಮಾತನ್ನೂ ಕೇಳಿ ಬರಹಕ್ಕಿಳಿಸಿ ಕಥೆಯಾಗಿ ಸೇರಿಸುವುದು. ಪ್ರಾರ್ಥನೆಗೆ ಕೂರಲು ಒಲ್ಲದ ದಿನಗಳಲ್ಲಿಯೂ ಅವಳು ಆ ಕೆಲಸಕ್ಕೆ ಕೂರುತ್ತಿದ್ದಳು. ಊಟವನ್ನು ರಿಲೀಫ್ ಸೊಸೈಟಿ ಎಂಬ ಚರ್ಚಿನ ಮಹಿಳಾ ಸಂಘದ ಹೆಂಗಸರು ಸರದಿಯ ಮೇಲೆ ತರುತ್ತಿದ್ದರು, ಅಂಗಳದ ಹಿಮವನ್ನು ಯಾರೋ ಬೆಳಗಾಗುವ ಮುಂಚೆ ತೆಗೆದುಹೋಗುತ್ತಿದ್ದರು. ಇಷ್ಟೊಂದು ನೆರವಿನ ನಡುವೆ ಮನೆಯವರ ಕೈಗೇ ಉಳಿದ ಕೆಲಸವೆಂದರೆ ಇದೊಂದೇ ಆಗಿತ್ತು. ಈ ಸೇವೆಗೆ ನಾನು ಕೊಡುವ ಅತ್ಯಂತ ದೊಡ್ಡ ಅಂಕ ಇದಕ್ಕೇ: ಏನೂ ಮಾಡಲಾಗದ ಹೊತ್ತಿನಲ್ಲಿ ಅದು ಮಕ್ಕಳಿಗೆ ಮಾಡಲು ಏನನ್ನಾದರೂ ಕೊಟ್ಟಿತು.

ಹಿರಿಯ ಮಗ ಆಗ ಬ್ರೆಜಿಲಿನಲ್ಲಿ ಎರಡು ವರ್ಷದ ಧರ್ಮಪ್ರಚಾರದ ಸೇವೆಯಲ್ಲಿದ್ದ. 2019ರಿಂದ ಇಂಥ ಯುವಕರಿಗೆ ವಾರಕ್ಕೊಮ್ಮೆ ಮನೆಗೆ ಕರೆ ಮಾಡಲು ಅವಕಾಶವಿದೆ. ತಾಯಿಯ ಮಾತು ವಾರದಿಂದ ವಾರಕ್ಕೆ ಅಸ್ಪಷ್ಟವಾಗುವುದನ್ನು ಅವನು ಹಾಗೆ ಕೇಳುತ್ತ ಹೋದ. ಮರಳಿ ಬರಬೇಕೇ ಎಂಬ ತೀರ್ಮಾನವನ್ನು ತಂದೆ ಅವನಿಗೇ ಬಿಟ್ಟರು. ಅವನು ಬಂದ, ಕೊನೆಯ ಐದು ವಾರ ಇದ್ದ.

ಈಗ ಸೇವೆಯ ಒಂದು ನಿಯಮ, ಮೊದಲೇ ತಿಳಿದಿರಬೇಕಾದದ್ದು. ಎಲ್ಲರೂ ಸೇರಿ ಕಟ್ಟುವ ಆ ವೃಕ್ಷದಲ್ಲಿ ಬದುಕಿರುವವರ ಪುಟ, ಅದನ್ನು ಸೇರಿಸಿದವರ ಖಾತೆಯಲ್ಲಿ ಮಾತ್ರ ಕಾಣುತ್ತದೆ. ಖಾಸಗಿತನಕ್ಕಾಗಿ ಮಾಡಿದ ಏರ್ಪಾಡು ಅದು, ಸರಿಯಾದದ್ದೇ. ವ್ಯಕ್ತಿ ತೀರಿಕೊಂಡ ಮೇಲೆ ಮನೆಯವರು ಆ ಪುಟದಲ್ಲಿ 'ಲಿವಿಂಗ್' (ಬದುಕಿದ್ದಾರೆ) ಎಂಬುದನ್ನು 'ಡಿಸೀಸ್ಡ್' (ತೀರಿಕೊಂಡಿದ್ದಾರೆ) ಎಂದು ಬದಲಿಸಿದಾಗ, ಅದು ಎಲ್ಲ ಬಳಕೆದಾರರಿಗೂ ತೆರೆದುಕೊಳ್ಳುತ್ತದೆ. ಆ ಬದಲಾವಣೆಯನ್ನು ತಂದೆ ಅಂತ್ಯಕ್ರಿಯೆಯಾದ ಕೂಡಲೇ ಮಾಡಲಿಲ್ಲ. ಆಕೆಯನ್ನು ದೇವಾಲಯದ ಬಿಳಿಯ ಉಡುಪಿನಲ್ಲಿ ಮಣ್ಣುಮಾಡಿ, ಸಮಾಧಿಯ ಬಳಿ ನಿಂತು ಅದನ್ನು ಪ್ರಾರ್ಥನೆಯಿಂದ ಪವಿತ್ರಗೊಳಿಸಿ ಬಂದವರು, ಆರು ವಾರ ಆ ಪುಟವನ್ನು ಮುಟ್ಟಲಿಲ್ಲ. ಏಳನೆಯ ಸೋಮವಾರ ನಾಲ್ವರು ಮಕ್ಕಳನ್ನೂ ಕೂರಿಸಿಕೊಂಡು ದಿನಾಂಕ ಮತ್ತು ಊರನ್ನು ತುಂಬಿದರು. ಈ ಮಾಹಿತಿ ಸರಿಯೆಂಬುದಕ್ಕೆ ಕಾರಣ ಬರೆಯಲು ಅಲ್ಲೊಂದು ಚೌಕವಿದೆ. ಸಾಮಾನ್ಯವಾಗಿ ಜನ ಮರಣಪತ್ರ, ಪತ್ರಿಕೆಯ ಸುದ್ದಿ ಎಂದೆಲ್ಲ ಬರೆಯುತ್ತಾರೆ. ಅವರು ಬರೆದದ್ದು, "ನಾನು ಪಕ್ಕದಲ್ಲಿದ್ದೆ" ಎಂದು.

ಪುಟ ತೆರೆದುಕೊಂಡ ಮೇಲೆ ಎಚ್ಚರ ಬೇಕು. ತೀರಿಕೊಂಡವರ ಪುಟವನ್ನು ಯಾವ ಬಳಕೆದಾರರು ಬೇಕಾದರೂ ತಿದ್ದಬಹುದು. ಯಾರು ಯಾವಾಗ ಏನು ತಿದ್ದಿದರೆಂಬ ದಾಖಲೆ ಉಳಿಯುತ್ತದೆ, ಹಿಂದಿನ ಮಾಹಿತಿಯನ್ನು ಮರಳಿಸಲೂ ಬರುತ್ತದೆ. ಆದರೂ ಹೊಸ ದುಃಖದಲ್ಲಿರುವವರಿಗೆ ಅಪರಿಚಿತರ ತಿದ್ದುಪಡಿ ನೋವುಂಟುಮಾಡಬಹುದು. ಪುಟವನ್ನು ಫಾಲೋ ಮಾಡಿಟ್ಟರೆ ಬದಲಾವಣೆಗಳ ಸೂಚನೆ ಬರುತ್ತದೆ, ಮೊದಲ ದಿನವೇ ಅದನ್ನು ಮಾಡಿಕೊಳ್ಳುವುದು ಒಳ್ಳೆಯದು. ತೀರಿಕೊಂಡವರಿಗೆ ಜೋಡಿಸಿದ ಫೋಟೋ, ಧ್ವನಿಗಳೂ ಸಾರ್ವಜನಿಕವಾಗಬಹುದು. ಅದಕ್ಕಾಗಿಯೇ ತಂದೆ ಆಸ್ಪತ್ರೆಯ ಹಾಸಿಗೆಯ ಒಂದು ಚಿತ್ರವನ್ನೂ ಅಲ್ಲಿ ಇರಿಸಲಿಲ್ಲ. ಧ್ವನಿಗಳಲ್ಲಿ ಕೂಡ, ಆಕೆ ಗಂಡನೊಬ್ಬನಿಗೆಂದು ಹೇಳಿದ ಎರಡನ್ನು ತಮ್ಮಲ್ಲೇ ಇಟ್ಟುಕೊಂಡರು. ಸೇವೆ ಎಷ್ಟೇ ಕರೆದರೂ ಎಲ್ಲವನ್ನೂ ಅದಕ್ಕೆ ಒಪ್ಪಿಸಬೇಕಿಲ್ಲ ಎಂಬ ಈ ವಿವೇಕ ನನಗೆ ಬಹಳ ಹಿಡಿಸಿತು.

ಬೇರೆ ಧರ್ಮದವರಿಗೆ ಒಂದು ಮಾತು. ಮಾರ್ಮನ್ನರು ತೀರಿಕೊಂಡವರ ಪರವಾಗಿ ದೇವಾಲಯದಲ್ಲಿ ದೀಕ್ಷಾಸ್ನಾನದಂಥ ವಿಧಿಗಳನ್ನು ಮಾಡುತ್ತಾರೆ. ಹೆಸರು ಸೇರಿಸುವ ಮೊದಲು ಇದು ತಿಳಿದಿರಬೇಕು. ಕಳೆದ 110 ವರ್ಷದೊಳಗೆ ಹುಟ್ಟಿದವರಿಗಾದರೆ ಹತ್ತಿರದ ಬಂಧುವಿನ ಅನುಮತಿ ಬೇಕೆಂಬ ನಿಯಮವಿದೆ. ಇದು ಸಮ್ಮತವಲ್ಲದವರು ದೂರವಿರುವುದೇ ಸರಿ. ನಾನು ನನ್ನ ಮನೆಯವರ ಹೆಸರುಗಳನ್ನು ಸೇರಿಸಿಲ್ಲ.

ಪುಟ ಸಾರ್ವಜನಿಕವಾಗಿ ಮೂರು ತಿಂಗಳಾಗಿದ್ದಾಗ, ಐಡಹೋದಲ್ಲಿರುವ ದೂರದ ಸಂಬಂಧಿಯೊಬ್ಬರು ಅದಕ್ಕೊಂದು ಫೋಟೋ ಜೋಡಿಸಿದ್ದಾರೆಂಬ ಸೂಚನೆ ಬಂತು. ಏಳೆಂಟು ವರ್ಷದ ಹುಡುಗಿ, ಮುಂದಿನ ಎರಡು ಹಲ್ಲಿಲ್ಲ, ಕೈಯಲ್ಲಿ ಕೋಳಿಮರಿ. ಆ ಮನೆಯಲ್ಲಿ ಯಾರೂ ಅದನ್ನು ಹಿಂದೆ ಕಂಡಿರಲಿಲ್ಲ, ತಂದೆಯೂ. ಹದಿನಾರರ ಮಗಳು ತಾನು ಬರಹಕ್ಕಿಳಿಸಿದ ಕಥೆಗಳನ್ನು ಹುಡುಕಿ, ಅಮ್ಮ ಎರಡನೆಯ ಸೋಮವಾರ ಒಂದು ಕೋಳಿಮರಿಯ ವಿಷಯ ಹೇಳಿದ್ದ ಜಾಗವನ್ನು ತೋರಿಸಿದಳು. ಎಲ್ಲರೂ ಆ ಧ್ವನಿಯನ್ನು ಮತ್ತೆ ಕೇಳಿದರು, ಈ ಸಲ ಫೋಟೋ ಮುಂದಿಟ್ಟುಕೊಂಡು. ಕಿರಿಯಳು ಇನ್ನೊಮ್ಮೆ ಹಾಕು ಎಂದಳು, ತಂದೆ ಹಾಕಿದರು.