ಬೋಲ್ಟ್ ಬಿಗಿದು ಥಾರ್ ಎತ್ತರ ಮಾಡಿಸುವವರೇ, ಸ್ವಲ್ಪ ನಿಲ್ಲಿ

ನನ್ನ ತೋಟ ಕಾಸರಗೋಡಿನ ಮುಳ್ಳೇರಿಯದಿಂದ ಒಳಗೆ. ಟಾರು ರಸ್ತೆ ಮುಗಿದ ಮೇಲೆ ಒಂದು ಕಿಲೋಮೀಟರ್ ಮುರಕಲ್ಲಿನ ಇಳಿಜಾರು, ನಡುವೆ ಎರಡು ಕಣಿ, ಅಂದರೆ ಮಳೆನೀರು ಹರಿಯುವ ಚರಂಡಿ. 2014ರ ಮಹೀಂದ್ರಾ ಜೀಪು ಥಾರ್ ಸಿಆರ್‌ಡಿಇ ಸೆಕೆಂಡ್ ಹ್ಯಾಂಡ್ ತಂದಾಗ ಎರಡನೇ ಕಣಿಯಲ್ಲಿ ಪ್ರತಿಸಲ ಅಡಿ ತಾಗುತ್ತಿತ್ತು. ಆ ಕರಕರ ಶಬ್ದ ಕೇಳಿದರೆ ನನ್ನ ಬೆನ್ನೇ ಗೀರಿದ ಹಾಗೆ. ಎರಡು ಇಂಚು ಎತ್ತರ ಸಿಕ್ಕರೆ ಸಾಕು ಅಂತ ಹೊರಟೆ. ಆ ಎರಡು ಇಂಚಿಗೆ ಒಟ್ಟು ಎಷ್ಟು ಖರ್ಚಾಯಿತು ಎಂದು ಹೆಂಡತಿಗೆ ಇನ್ನೂ ಸರಿಯಾಗಿ ಹೇಳಿಲ್ಲ.

ಎಡವಟ್ಟು ಶುರುವಾದದ್ದು ಪಕ್ಕದ ತೋಟದ ಹಳೇ ಜೀಪು ನೋಡಿ. ಅದಕ್ಕೆ ಹಿಂದೆ ಮುಂದೆ ಎರಡೂ ಕಡೆ ಪ್ಲೇಟು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಯ ಸ್ಪ್ರಿಂಗ್. ಒಂದೊಂದು ಪ್ಲೇಟು ಜಾಸ್ತಿ ಸೇರಿಸಿ ಎತ್ತರ ಮಾಡಿಸಿದ್ದಾರೆ. ವರ್ಷಗಟ್ಟಲೆ ಗೊಬ್ಬರ, ಅಡಿಕೆ ಹೊತ್ತುಕೊಂಡು ಓಡುತ್ತಾ ಉಂಟು. ಅದಕ್ಕೆ ಆಗುವುದು ನನ್ನದಕ್ಕೆ ಯಾಕೆ ಆಗುವುದಿಲ್ಲ?

ಆಗುವುದಿಲ್ಲ. ಆ ಜೀಪಿನ ಮುಂದಿನ ಆಕ್ಸಲ್ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಹೌಸಿಂಗ್. ಎರಡು ಚಕ್ರಕ್ಕೂ ಶಕ್ತಿ ಹಂಚುವ ಗೇರುಗಳ ಗಂಟು, ಡಿಫರೆನ್ಷಿಯಲ್, ಅದರೊಳಗೇ. ಬಾಡಿ ಎಷ್ಟು ಮೇಲೆ ಹೋದರೂ ಇವೆಲ್ಲ ಒಂದೇ ಗೆರೆಯಲ್ಲಿ ಕೆಳಗೇ ಇರುತ್ತವೆ. ಈ ಥಾರ್‌ಗೆ ಹಿಂದೆ ಪ್ಲೇಟು, ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್, ಅಂದರೆ ಒಂದೊಂದು ಚಕ್ರ ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವಂಥದ್ದು. ಮುಂದಿನ ಡಿಫರೆನ್ಷಿಯಲ್ ಕೂತಿರುವುದು ಬಾಡಿಯ ಕೆಳಗಿನ ಉಕ್ಕಿನ ಚೌಕಟ್ಟಿಗೆ, ಚಾಸಿಗೆ. ಗಾಡಿ ಎತ್ತಿದರೆ ಅದೂ ಮೇಲೆ ಹೋಗುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ. ನಡುವಿನ ಶಾಫ್ಟ್ ಓರೆಯಾಗುತ್ತದೆ. ಆ ಓರೆಯನ್ನು ಹಗಲೂ ರಾತ್ರಿ ತಾಳಿಕೊಳ್ಳಬೇಕಾದದ್ದು ಅದರ ಎರಡು ತುದಿಯ ಸಿವಿ ಜಾಯಿಂಟು, ಓರೆಯಲ್ಲೂ ತಿರುಗುವ ಕೀಲು. ಇದನ್ನು ನನಗೆ ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ವರ್ಕ್‌ಶಾಪಿನವ ಹೇಳಿದ್ದು ಇಷ್ಟು: "ಸುಮ್ನೆ ಎತ್ತರ ಮಾಡುವ ಕಿಟ್ಟಿಗೆಲ್ಲ ದುಡ್ಡು ಹಾಕಬೇಡಿ ಅಣ್ಣ. ಟಾರ್ಶನ್ ಬಾರಿನ ಬೋಲ್ಟ್ ತಿರುಗಿಸಿದರೆ ಮುಂದೆ ಏಳುತ್ತದೆ. ಹಿಂದೆ ಉದ್ದದ ಶ್ಯಾಕಲ್ ಹಾಕುವ. ಸಂಜೆಗೆ ಕೊಂಡುಹೋಗಿ."

ಟಾರ್ಶನ್ ಬಾರ್ ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಮುಂದಿನ ಉಕ್ಕಿನ ಸರಳು. ಶ್ಯಾಕಲ್ ಅಂದರೆ ಹಿಂದಿನ ಪ್ಲೇಟಿನ ತುದಿಯನ್ನು ಚಾಸಿಗೆ ತೂಗಹಾಕುವ ಕೊಂಡಿ. ಸಂಜೆಗೆ ಕೊಂಡುಹೋದೆ. ಮುಂದೆ ಎರಡೂವರೆ ಇಂಚು ಎದ್ದಿತ್ತು. ಒಂದು ವಾರ ಏನು ಗತ್ತು ಮಾರಾಯ್ರೆ! ಬೇಕಲ ಕೋಟೆಯವರೆಗೆ ಹೋಗಿ ಫೋಟೋ ತೆಗೆಸಿಕೊಂಡು ಬಂದೆ.

ಆಮೇಲೆ ಒಂದೊಂದೇ ಶುರುವಾಯಿತು. ಸಣ್ಣ ಗುಂಡಿ ಸಿಕ್ಕರೂ ಮುಂದೆ ಟಪ್ ಅನ್ನುವ ಶಬ್ದ. ಬೋಲ್ಟ್ ಬಿಗಿದರೆ ಬಾರ್ ಗಟ್ಟಿಯಾಗುತ್ತದೆ, ಅದಕ್ಕೇ ಕುಲುಕುತ್ತದೆ ಅಂತ ಹೇಳುವವರು ಜಾಸ್ತಿ. ಅದು ಸರಿಯಲ್ಲ. ಬಾರ್ ಅದೇ, ಗಟ್ಟಿತನವೂ ಅದೇ. ಗಾಡಿ ನಿಲ್ಲುವ ಮಟ್ಟ ಮಾತ್ರ ಬದಲಾಗುತ್ತದೆ. ಚಕ್ರ ಕೆಳಗಿಳಿಯಲು ಇದ್ದ ಜಾಗವನ್ನು ನಾವು ಮೊದಲೇ ತಿಂದು ಮುಗಿಸಿರುತ್ತೇವೆ. ಗುಂಡಿಗೆ ಚಕ್ರ ಇಳಿಯುವಾಗ ಚಕ್ರವನ್ನು ಹಿಡಿದಿರುವ ಮೇಲಿನ ತೋಳು, ಆರ್ಮ್, ಹೋಗಿ ಸ್ಟಾಪರ್ ರಬ್ಬರಿಗೆ ಬಡಿಯುತ್ತದೆ. ತಮಾಷೆ ನೋಡಿ, ಮೊದಲು ಅಡಿ ತಾಗಿಸಿಕೊಂಡಾದರೂ ದಾಟುತ್ತಿದ್ದ ಕಣಿಯಲ್ಲಿ ಈಗ ಒಂದು ಚಕ್ರ ಗಾಳಿಯಲ್ಲಿ ಸುತ್ತುತ್ತಾ ನಿಲ್ಲುತ್ತಿತ್ತು.

ಟೈರಿನ ಹೊರ ಅಂಚು ಸವೆಯಿತು. ಅಲೈನ್‌ಮೆಂಟಿಗೆ ಮಂಗಳೂರಿಗೆ ಎರಡು ಸಲ ಹೋದೆ. ಇಷ್ಟು ಎತ್ತರಕ್ಕೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಓರೆ) ಹೊಂದಿಸಲು ಜಾಗವೇ ಇಲ್ಲ ಅಂದರು. ರಾತ್ರಿ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಎದುರಿನವರೆಲ್ಲ ಲೈಟ್ ಹಾಕಿ ಬೈಯುತ್ತಿದ್ದರು, ಯಾಕೆಂದರೆ ಮೂತಿ ಎದ್ದು ನನ್ನ ಹೆಡ್‌ಲೈಟ್ ಅವರ ಕಣ್ಣಿಗೇ ಹೊಡೆಯುತ್ತಿತ್ತು. ಹಿಂದಿನ ಶ್ಯಾಕಲ್ ಕತೆ ಬೇರೆ. ಎರಡು ಇಂಚು ಉದ್ದದ್ದು ಹಾಕಿದರೆ ಸಿಗುವುದು ಸುಮಾರು ಒಂದೇ ಇಂಚು. ಹಾಗಾಗಿ ಅವನು ನಾಲ್ಕು ಇಂಚು ಉದ್ದದ್ದು ಹಾಕಿದ್ದ, ಅದೂ ಪಟ್ಟಿ ಕತ್ತರಿಸಿ ವೆಲ್ಡ್ ಮಾಡಿದ್ದು. ಆಕ್ಸಲಿನ ಮೂತಿ ಮೇಲಕ್ಕೆ ತಿರುಗಿ, ಅರವತ್ತು ದಾಟಿದರೆ ಹಿಂದಿನ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಸೀಟಿನವರೆಗೆ ನಡುಗಿಸುತ್ತಿತ್ತು.

ಇಷ್ಟಾದರೂ ಬುದ್ಧಿ ಬರಲಿಲ್ಲ. ಆಟಿ ತಿಂಗಳ ಮಳೆಗೆ ಗೆಳೆಯರ ಜೊತೆ ಬಂದಡ್ಕ ಕಡೆಯ ರಬ್ಬರ್ ಗುಡ್ಡೆ ಹತ್ತಿಸಲು ಹೋದೆ. ಸಿವಿ ಜಾಯಿಂಟಿನ ರಬ್ಬರ್ ಬೂಟು ಅಷ್ಟರಲ್ಲಿ ಹರಿದಿತ್ತು, ನಾನು ನೋಡಿರಲಿಲ್ಲ. ಗ್ರೀಸ್ ಹೊರಗೆ, ಕೆಸರು ಒಳಗೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಜೋರು ಸೆಳೆತದ ಗೇರು) ಹಾಕಿ, ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ, ಆಕ್ಸಿಲರೇಟರ್ ಒತ್ತಿದೆ. ಟಕ ಟಕ ಅಂದಿತು, ಆಮೇಲೆ ಠಪ್. ಗಾಡಿ ಎತ್ತಿದ ಓರೆ, ಸ್ಟೇರಿಂಗಿನ ಓರೆ, ಲೋ ಗೇರಿನ ಪೂರ್ತಿ ಸೆಳೆತ, ಮೂರೂ ಒಟ್ಟಿಗೆ ಬಿದ್ದರೆ ಜಾಯಿಂಟ್ ತಾನೇ ಏನು ಮಾಡೀತು? ಎಳೆದು ತಂದದ್ದು ಯಾವ ಗಾಡಿ ಗೊತ್ತಾ? ಅದೇ ಪ್ಲೇಟಿನ ಹಳೇ ಜೀಪು.

ವರ್ಕ್‌ಶಾಪಿನವ ಫೋನಿನಲ್ಲಿ, "ನೀವು ಜೋರು ಓಡಿಸಿರಬೇಕು ಅಣ್ಣ" ಅಂದ. ಬಿಲ್ ಕೊಟ್ಟಿರಲಿಲ್ಲ, ನಾನು ಕೇಳಿರಲಿಲ್ಲ.

2020ರ ನಂತರದ ಥಾರ್ ಇರುವವರು ನಮಗೆ ಟಾರ್ಶನ್ ಬಾರೇ ಇಲ್ಲ ಅಂತ ಬೀಗಬೇಡಿ. ನಿಮಗೆ ಸ್ಪೇಸರ್, ಅಂದರೆ ಎತ್ತರಕ್ಕೆ ನಡುವೆ ಇಡುವ ದಪ್ಪ ಬಿಲ್ಲೆ ಮಾರುತ್ತಾರೆ. ಶಾಕ್ ಅಬ್ಸಾರ್ಬರಿನ ತಲೆಗೆ ಒಂದು ಇಂಚಿನ ಸ್ಪೇಸರ್ ಕೂರಿಸಿದರೆ ಚಕ್ರದ ಹತ್ತಿರ ಎರಡು ಇಂಚಿನಷ್ಟು ಏಳುತ್ತದೆ. ಅಗ್ಗ ಅನಿಸುವುದು ಅದಕ್ಕೇ, ಸಿವಿ ಜಾಯಿಂಟಿಗೆ ಏಟು ಬೀಳುವುದೂ ಅದಕ್ಕೇ. ಬಾಡಿ ಲಿಫ್ಟಿನಿಂದ ಬಾಡಿ ಮಾತ್ರ ಏಳುತ್ತದೆ, ಚಾಸಿ ಇದ್ದಲ್ಲೇ. ಕಲ್ಲು ತಾಗುವುದು ಚಾಸಿಗೆ ಅಲ್ವಾ?

ಕಾನೂನಿನ ವಿಷಯ ನನಗೆ ತಡವಾಗಿ ಗೊತ್ತಾಯಿತು. ಆರ್‌ಸಿಯ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಒಪ್ಪುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತ ಹೇಳಿದ್ದು ನಮ್ಮ ಕೇರಳದ ಕೇಸಿನಲ್ಲೇ. ಈಗ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಜೈಲಿಗೂ ದಾರಿ ಉಂಟು.

ಈಗಾಗಲೇ ಬೋಲ್ಟ್ ಬಿಗಿಸಿದವರು ಇವತ್ತೇ ಒಂದು ಕೆಲಸ ಮಾಡಿ. ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ಮೇಲಿನ ಆರ್ಮ್ ಮತ್ತು ಅದರ ಕೆಳಗಿನ ಸ್ಟಾಪರ್ ರಬ್ಬರಿನ ನಡುವೆ ಬೆರಳು ತೂರಿಸಿ ನೋಡಿ. ಬೆರಳು ಹೋಗದಿದ್ದರೆ ಜಾಸ್ತಿಯಾಗಿದೆ, ಇಳಿಸಿ. ಬೂಟಿನ ಮಡಿಕೆಗಳನ್ನೂ ಟಾರ್ಚ್ ಹಾಕಿ ನೋಡಿ.

ನಾನು ಬೋಲ್ಟನ್ನು ಹಿಂದಕ್ಕೆ ತಿರುಗಿಸಿದೆ, ಹಳೇ ಶ್ಯಾಕಲ್ ಹಾಕಿಸಿದೆ. ದೊಡ್ಡ ಟೈರಿನ ಲೆಕ್ಕವನ್ನೂ ಹಾಕಿ ನೋಡಿದೆ. ಕಂಪನಿಯ 235/70 ಬಿಟ್ಟು 245/75 ಹಾಕಿದರೆ ಏಳುವುದು ಸುಮಾರು 19 ಮಿಲಿಮೀಟರ್, ಜೊತೆಗೆ ಸ್ಪೀಡೋಮೀಟರ್ ಅರವತ್ತು ತೋರಿಸುವಾಗ ಗಾಡಿ ಅರವತ್ತಮೂರರಲ್ಲಿ ಇರುತ್ತದೆ. ಅದನ್ನೂ ಬಿಟ್ಟೆ. ಕೊನೆಗೆ ಎರಡನೇ ಕಣಿಗೆ ಸಿಮೆಂಟ್ ಪೈಪ್ ಇಟ್ಟು, ಮೇಲೆ ಎರಡು ಲೋಡ್ ಮುರಕಲ್ಲಿನ ಚೂರು ಹಾಕಿಸಿದೆ. ಅರ್ಧ ದಿನದ ಕೆಲಸ. ಈಗ ಅದರ ಮೇಲೆ ಪಕ್ಕದ ಮನೆಯವರ ಆಲ್ಟೋ ಕೂಡ ಹೋಗುತ್ತದೆ.